ಒಂದು ಅಂಗೈ ಜಾಗ

ಗುರುಗಳು ಅಂದರೆ ಗಡ್ಡ ಇರಬೇಕು, ಕಾವಿ ಇರಬೇಕು, ಹುಲಿ ಚರ್ಮದ ಮೇಲೆ ಕೂತಿರಬೇಕು. ಪಾಪಣ್ಣ ಗುರುಗಳಿಗೆ ಇದ್ಯಾವುದೂ ಇರಲಿಲ್ಲ.

ಅವರಿಗಿದ್ದದ್ದು ಒಂದು ಟೋಪಿ, ಒಂದು ಕರಿ ಛತ್ರಿ, ನೋಯುವ ಎರಡು ಮಂಡಿ. ಹುಲಿ ಚರ್ಮದ ಬದಲು ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚು.

ಆಶ್ರಮ ಅಂದರೆ ಊರಾಚೆಯ ಗಾಲ್ಫ್ ಮೈದಾನ. ಅಲ್ಲಿ ಅವರು ನಲವತ್ತು ವರ್ಷದಿಂದ ಮಾರ್ಕರ್. ಮಾರ್ಕರ್ ಅಂದರೆ ಬಂದವರಿಗೆ ಆಟ ಕಲಿಸುವವನು. ಎಂಥೆಂಥ ದೊಡ್ಡ ಸಾಹೇಬರೂ ಅವರ ಮುಂದೆ ಬಗ್ಗಿ ನಿಂತಿದ್ದರು. ಭಕ್ತಿಯಿಂದಲ್ಲ. ಗಾಲ್ಫ್ ಆಡಬೇಕಾದರೆ ಬಗ್ಗಲೇಬೇಕು.

ಗುರುಗಳ ಎಡಗೈಯ ಕಿರುಬೆರಳು ಸೊಟ್ಟ. ನಡುವೆ ಮುರಿದ ಕಡ್ಡಿಯ ಹಾಗೆ ಹೊರಕ್ಕೆ ತಿರುಗಿಕೊಂಡಿತ್ತು.

"ಬೆರಳು ಯಾಕೆ ಹೀಗೆ?" ಅಂತ ಕೇಳಿದವರಿಗೆಲ್ಲ ಒಂದೊಂದು ಉತ್ತರ. ಒಬ್ಬರಿಗೆ, "ಮೊಸಳೆ ಕಚ್ಚಿತು." ಇನ್ನೊಬ್ಬರಿಗೆ, "ಧಾರೆ ಹೊತ್ತಲ್ಲಿ ಹೆಂಡ್ತಿ ಹಿಡ್ಕೊಂಡಳು, ಇನ್ನೂ ಬಿಟ್ಟಿಲ್ಲ."

ಶಿಷ್ಯನ ಹೆಸರು ಸಂಪಂಗಿ. ಮೈದಾನದ ಹುಲ್ಲು ಕತ್ತರಿಸುವವನು. ಎಂಟು ವರ್ಷ ಹುಲ್ಲು ಕತ್ತರಿಸುತ್ತಾ ಆಟ ನೋಡಿದ್ದ, ಸೋಮವಾರ ಸಾಹೇಬರು ಬಾರದ ದಿನ ತಾನೂ ಆಡಿದ್ದ. ಸಣ್ಣ ಕೋಲು ಕೊಟ್ಟರೆ ಚೆಂಡನ್ನು ಕಾಗೆ ತಲೆ ಮೇಲೆ ಕೂರಿಸುತ್ತಿದ್ದ.

ಡ್ರೈವರ್ ಕೊಟ್ಟರೆ ಮಾತ್ರ ಮುಗೀತು.

ಡ್ರೈವರ್ ಅಂದರೆ ಎಲ್ಲಕ್ಕಿಂತ ಉದ್ದದ ಕೋಲು. ತುದಿಯಲ್ಲಿ ಅರ್ಧ ತೆಂಗಿನಕಾಯಿಯಷ್ಟು ದಪ್ಪ ತಲೆ. ಮೊದಲನೇ ಹೊಡೆತಕ್ಕೆ, ಎಲ್ಲಕ್ಕಿಂತ ದೂರದ ಹೊಡೆತಕ್ಕೆ, ಅದೇ ಬೇಕು.

ಒಂದು ದಿನ ಮೈದಾನದ ಕಾರ್ಯದರ್ಶಿ ಮೇಜರ್ ಉತ್ತಯ್ಯ ಕಲ್ಲುಬೆಂಚಿನ ಹತ್ತಿರ ಬಂದರು. ಸೇನೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ನಡೆಯುವಾಗ ಹಿಂದೆ ಒಂದು ಪಡೆ ಬರುತ್ತಿದೆ ಅನ್ನೋ ಹಾಗೆ ನಡೆಯುತ್ತಿದ್ದರು.

"ಪಾಪಣ್ಣ, ನಿಮ್ಮ ಮಂಡಿ ಸಾಕು ಅಂತಿದೆ. ಪಟ್ಟಣದಿಂದ ಹೊಸ ಮಾರ್ಕರ್ ಕರೆಸೋಣ ಅಂತ."

"ಯಾಕೆ ಸಾರ್? ಸಂಪಂಗಿ ಇದಾನಲ್ಲ."

"ಹುಲ್ಲು ಕತ್ತರಿಸೋನಾ?"

"ಹೂಂ ಸಾರ್. ನಿಮ್ಮ ಚೆಂಡು ಹುಲ್ಲಲ್ಲಿ ಕಳೆದುಹೋದಾಗ ಹುಡುಕಿಕೊಡ್ತಾನಲ್ಲ, ಅವನೇ."

ಮೇಜರ್ ಸಾಹೇಬರ ಮುಖ ಕೆಂಪಾಯಿತು. ಅವರ ಚೆಂಡು ದಿನಾ ಕಳೆದುಹೋಗುತ್ತಿತ್ತು.

"ಸರಿ. ಬರೋ ತಿಂಗಳು ಮೊದಲನೇ ಭಾನುವಾರ. ಡ್ರೈವರ್. ಮೂರು ಚೆಂಡು. ಎರಡಾದರೂ ಕತ್ತರಿಸಿದ ಹುಲ್ಲಿನ ಹಾದಿಯಲ್ಲಿ ನಿಂತರೆ ಅವನೇ ಮಾರ್ಕರ್. ಇಲ್ಲಾಂದ್ರೆ ಪಟ್ಟಣದವನು."

ಹುಲ್ಲು ಕತ್ತರಿಸುವ ಬಂಡಿ ತಳ್ಳುತ್ತಿದ್ದ ಸಂಪಂಗಿ ಇದನ್ನು ಕೇಳಿಸಿಕೊಂಡ. ಮೇಜರ್ ಅತ್ತ ಹೋದ ಕೂಡಲೇ ಬಂಡಿ ಬಿಟ್ಟು ಓಡಿಬಂದು ಗುರುಗಳ ಕಾಲಿಗೆ ಬಿದ್ದ.

"ಮಂಡಿ ಮುಟ್ಟಬೇಡ್ವೋ, ನೋಯುತ್ತೆ," ಅಂದರು ಗುರುಗಳು.

"ಈ ಬೆಂಚಿನ ಮೇಲೆ ಕೂತು ಆಟ ಕಲಿಸಬೇಕು ಅನ್ನೋದೇ ನನ್ನ ಆಸೆ ಗುರುಗಳೇ. ಬೇರೇನೂ ಬೇಡ."

"ಬೆಂಚು ತಣ್ಣಗಿರುತ್ತೆ. ಮೊದಲು ಡ್ರೈವರ್ ತಗೋ."

ಮೈದಾನದ ಮೊದಲನೇ ಹಾದಿ ಹೀಗಿತ್ತು: ನೇರಕ್ಕೆ ಒಂದು ಕೆಂಪು ಬಾವುಟ. ಎಡಕ್ಕೆ ಹುಣಸೆ ಮರ. ಬಲಕ್ಕೆ, ಮೋಟು ಗೋಡೆಯಾಚೆ, ಮುನೆಮ್ಮಜ್ಜಿಯ ಮನೆ.

ಸಂಪಂಗಿ ಮರದ ಮೊಳೆ ನೆಟ್ಟು ಅದರ ಮೇಲೆ ಚೆಂಡು ಇಟ್ಟ. ಚೆಂಡು ಎಡಗಾಲಿನ ಹಿಮ್ಮಡಿಯ ನೇರಕ್ಕೆ ಇರಬೇಕು, ಹಾಗೇ ಇಟ್ಟ. ಡ್ರೈವರಿನ ತಲೆಯನ್ನು ತಂದು ಚೆಂಡಿಗೆ ತಾಗೋ ಹಾಗೆ ಕೂರಿಸಿದ. ಬೀಸಿದ.

ಚೆಂಡು ಬಾವುಟದ ಕಡೆ ಹೊರಟಿತು. ನಡುದಾರಿಯಲ್ಲಿ ಏನೋ ನೆನಪಾದ ಹಾಗೆ ಬಲಕ್ಕೆ ತಿರುಗಿತು. ಗೋಡೆ ದಾಟಿತು.

"ಲೋ ಸಂಪಂಗಿ!" ಅಂತ ಅಜ್ಜಿಯ ಕೂಗು ಕೇಳಿತು. "ಸಂಡಿಗೆ ಮೇಲೆ ಬಿತ್ತು ಕಣೋ, ಮುಂಡೇದೇ!"

ಮುನೆಮ್ಮಜ್ಜಿ ಅಂಗಳದಲ್ಲಿ ಸಂಡಿಗೆ ಒಣಗಿಸಿ ಮಾರುವವರು. ಅವರ ಮನೆಗೆ ನಲ್ಲಿ ಇರಲಿಲ್ಲ, ಮೈದಾನಕ್ಕೆ ಇತ್ತು. ಅದಕ್ಕೆ ಅಜ್ಜಿ ಒಂದು ಕಟ್ಟಳೆ ಮಾಡಿಟ್ಟಿದ್ದರು. ಚೆಂಡು ಬೇಕಾದವರು ಒಂದು ಕೊಡ ನೀರು ತರಬೇಕು. ನೀರು ಕೊಟ್ಟು ಚೆಂಡು ತಗೊಂಡು ಹೋಗಬೇಕು.

ಸಂಪಂಗಿ ನೀರು ಹೊತ್ತ. ಚೆಂಡು ತಂದ. ಹೊಡೆದ. ನೀರು ಹೊತ್ತ.

ನಾಲ್ಕು ದಿನಕ್ಕೆ ಅಜ್ಜಿಯ ಹಂಡೆ ತುಂಬಿತು. ಐದನೇ ದಿನ ತೊಟ್ಟಿ ತುಂಬಿತು. ಆರನೇ ದಿನ ಎಮ್ಮೆಗೂ ಸ್ನಾನವಾಯಿತು. ಎಮ್ಮೆ ತನ್ನ ಜನ್ಮದಲ್ಲಿ ಅಷ್ಟು ಹೊಳೆದದ್ದೇ ಇಲ್ಲ.

"ಗುರುಗಳೇ, ಚೆಂಡು ಬಲಕ್ಕೆ ಹೋಗ್ತಿದೆ."

"ಗೊತ್ತು. ಎಮ್ಮೆ ನೋಡಿದೆ."

"ಏನ್ ಮಾಡಲಿ?"

"ಏನ್ ಮಾಡಬೇಕು ಅಂತಿದೀಯ?"

"ಎಡಕ್ಕೆ ತಿರುಗಿ ನಿಂತ್ಕೋತೀನಿ."

"ನಿಂತ್ಕೋ."

ಸಂಪಂಗಿ ಎಡಕ್ಕೆ ತಿರುಗಿ ನಿಂತ. ಚೆಂಡು ಮೊದಲಿಗಿಂತ ಜೋರಾಗಿ ಬಲಕ್ಕೆ ತಿರುಗಿತು. ಇನ್ನೂ ಎಡಕ್ಕೆ ತಿರುಗಿದ. ಇನ್ನೂ ಜೋರಾಗಿ ಬಲಕ್ಕೆ ಹೋಯಿತು.

ಮೊದಲು ಅಂಗಳದಲ್ಲಿ ಬೀಳುತ್ತಿದ್ದ ಚೆಂಡು ಆಮೇಲೆ ಜಗಲಿ ಹತ್ತಿತು. ಸಂಜೆ ಹೊತ್ತಿಗೆ ಅಡುಗೆಮನೆ ಸೇರಿತು.

"ಸಾರಿನ ಪಾತ್ರೆಗೆ ಬಿತ್ತು ಕಣೋ!" ಅಂದರು ಅಜ್ಜಿ. ಆಮೇಲೆ ಸ್ವಲ್ಪ ತಡೆದು, "ನಾಳೆ ಹುರುಳಿ ಸಾರು ಮಾಡ್ತೀನಿ. ಅದಕ್ಕೂ ಹಾಕು," ಅಂದರು.

ಸಂಪಂಗಿ ಬಂದು ಬೆಂಚಿನ ಕೆಳಗೆ ಕೂತ.

"ಆ ಮನೆಯಿಂದ ದೂರ ಹೋಗಬೇಕು ಅಂದಷ್ಟೂ ಅಲ್ಲಿಗೇ ಹೋಗ್ತಿದೆ ಗುರುಗಳೇ."

"ಹೂಂ," ಅಂದರು ಗುರುಗಳು. "ನಿನಗೆ ಅಜ್ಜಿ ಮನೆ ಮೇಲೆ ಬಹಳ ಭಕ್ತಿ."

ಮಾರನೇ ಬೆಳಿಗ್ಗೆ ಗುರುಗಳು ಛತ್ರಿ ತಗೊಂಡು ಕುಂಟುತ್ತಾ ಬಂದರು.

"ನಿಂತ್ಕೋ. ನೇರ ನಿಂತ್ಕೋ, ಎಡಕ್ಕೆ ಬೇಡ. ಕೋಲು ಇಡು."

ಸಂಪಂಗಿ ಎಡಗಾಲು ಬಾವುಟದ ಕಡೆಗೂ ಬಲಗಾಲು ಅದರ ಹಿಂದಕ್ಕೂ ಬರೋ ಹಾಗೆ ಅಡ್ಡ ನಿಂತ. ಕೋಲನ್ನು ಚೆಂಡಿಗೆ ತಾಗಿಸಿ ಇಟ್ಟ.

ಗುರುಗಳು ಮಡಿಸಿದ ಛತ್ರಿಯನ್ನು ಅವನ ಎರಡು ಹೆಗಲಿಗೂ ತಾಗೋ ಹಾಗೆ ಎದೆಗೆ ಅಡ್ಡ ಹಿಡಿದರು.

"ಅಲ್ಲಾಡಬೇಡ. ಕಣ್ಣು ಮಾತ್ರ ತಿರುಗಿಸು. ಎರಡು ಕಾಲಿನ ಸಾಲು ಎತ್ತ ಹೋಗ್ತಿದೆ?"

"ಬಾವುಟದ ಕಡೆ."

"ಛತ್ರಿ ತುದಿ?"

ಸಂಪಂಗಿ ನೋಡಿದ. ಮತ್ತೆ ನೋಡಿದ.

"ಹುಣಸೆ ಮರದ ಕಡೆ."

"ಕಾಲು ಒಂದೂರಿಗೆ, ಹೆಗಲು ಒಂದೂರಿಗೆ. ಟಿಕೆಟ್ ಯಾವೂರಿಗೆ ಕೊಡಲಿ?"

"ನಾನು ಹೆಗಲು ತಿರುಗಿಸಲಿಲ್ಲ ಗುರುಗಳೇ!"

"ಮತ್ತ್ಯಾರು ತಿರುಗಿಸಿದ್ದು? ಮುನೆಮ್ಮಜ್ಜಿನಾ?"

ಸಂಪಂಗಿ ಕಣ್ಣು ಹೊರಳಿಸಿ ಹೆಗಲು ನೋಡಿಕೊಂಡ.

"ಈಗ ಕೋಲು ಎತ್ತು. ಚೆಂಡು ಮರೆತುಬಿಡು. ಕೈ ಎಲ್ಲಿಗೆ ಇಳಿಯುತ್ತೋ ಅಲ್ಲಿಗೆ ಬಿಡು, ಬಾವಿಗೆ ಬಿಂದಿಗೆ ಇಳಿಬಿಟ್ಟ ಹಾಗೆ."

ಸಂಪಂಗಿ ಹಾಗೇ ಬಿಟ್ಟ. ಕೋಲಿನ ತಲೆ ಚೆಂಡಿಗಿಂತ ಹಿಂದಕ್ಕೆ ಇಳಿಯಿತು. ಎರಡರ ನಡುವೆ ಒಂದು ಅಂಗೈ ಜಾಗ ಉಳಿಯಿತು.

"ಛತ್ರಿ?"

"ಅರೆ! ಬಾವುಟದ ಕಡೆ!"

"ಈಗ ಕೋಲನ್ನು ಚೆಂಡಿನ ಹತ್ತಿರ ತಳ್ಳು. ಮೆಲ್ಲಗೆ."

ಸಂಪಂಗಿ ತಳ್ಳಿದ. ಕೋಲಿನ ಜೊತೆ ಕೈ ಹೋಯಿತು, ಕೈ ಜೊತೆ ಬಲ ಹೆಗಲು ಹೋಯಿತು. ಛತ್ರಿಯ ತುದಿ ಬಾವುಟ ಬಿಟ್ಟು ಹುಣಸೆ ಮರದ ಕಡೆ ತಿರುಗಿತು.

"ಗೊತ್ತಾಯ್ತಾ ಯಾರು ಅಂತ?"

ಸಂಪಂಗಿ ಕೋಲನ್ನು ಹಿಂದಕ್ಕೆ ಎಳೆದ, ಮತ್ತೆ ಮುಂದಕ್ಕೆ ತಳ್ಳಿ ನೋಡಿದ.

"ಹೆಗಲು ಎಡಕ್ಕೆ ತಿರುಗಿದ ಮೇಲೆ ಕೋಲು ಚೆಂಡನ್ನು ಹೊಡೆಯಲ್ಲ. ಅಡ್ಡಡ್ಡ ಒರೆಸುತ್ತೆ. ಒರೆಸಿಕೊಂಡ ಚೆಂಡು ಬುಗುರಿ ಹಾಗೆ ತಿರುಗಿ ಬಲಕ್ಕೆ ಓಡುತ್ತೆ. ನೀನು ಹೆದರಿ ಇನ್ನಷ್ಟು ಎಡಕ್ಕೆ ತಿರುಗ್ತೀಯ. ಅದು ಇನ್ನಷ್ಟು ಬಲಕ್ಕೆ ಓಡುತ್ತೆ."

"ಆದ್ರೂ ಗುರುಗಳೇ, ಕೋಲು ಚೆಂಡಿನ ಹತ್ತಿರ ಇದ್ದರೆ ತಾನೇ ಸರಿಯಾಗಿ ಬೀಳೋದು?"

"ದೂರ ಇದ್ದರೆ?"

"ತಪ್ಪಿಹೋದರೆ?"

"ಚೆಂಡೇನು ಕೋಳಿನಾ, ಓಡಿಹೋಗೋಕೆ?"

ಅಷ್ಟು ಹೇಳಿ ಗುರುಗಳು ಛತ್ರಿ ಬಿಚ್ಚಿಕೊಂಡು ನೆರಳಿಗೆ ಹೋದರು.

ತಲೆಗೆ ಗೊತ್ತಾದದ್ದು ಕೈಗೆ ಗೊತ್ತಾಗೋಕೆ ಕಾಲ ಬೇಕು. ಸಂಪಂಗಿ ಕೋಲನ್ನು ಹಿಂದಕ್ಕೆ ಇಡುತ್ತಿದ್ದ. ಬೀಸುವುದಕ್ಕೆ ಮುಂಚೆ ಅದು ತಾನೇ ತಾನಾಗಿ ಚೆಂಡಿನ ಕಡೆ ತೆವಳುತ್ತಿತ್ತು, ಕೆಚ್ಚಲು ಹುಡುಕುವ ಕರುವಿನ ಹಾಗೆ.

ಅಜ್ಜಿಗೆ ನೀರು ಬರುತ್ತಲೇ ಇತ್ತು. ನೆರೆಮನೆಯವರೂ ಈಗ ಅಜ್ಜಿ ಹತ್ತಿರ ನೀರು ಕೇಳಿಕೊಂಡು ಬರುತ್ತಿದ್ದರು.

ಮೂರನೇ ದಿನ ಗುರುಗಳು ಒಂದು ಕುಚೇಷ್ಟೆ ಮಾಡಿದರು.

"ಕಣ್ಣು ಮುಚ್ಚು. ಮೂರು ಸಲ ಉಸಿರಾಡು. ನಾನು ಹೂಂ ಅಂದ ಮೇಲೆ ಬೀಸು. ಕಣ್ಣು ಬಿಡಬೇಡ."

ಸಂಪಂಗಿ ಕಣ್ಣು ಮುಚ್ಚಿದ. ಗುರುಗಳು ಹೂಂ ಅಂದರು. ಬೀಸಿದ. ಗಾಳಿ ಸುಂಯ್ ಅಂತು. ಏನೂ ತಾಗಲಿಲ್ಲ.

ಕಣ್ಣು ಬಿಟ್ಟರೆ ಮೊಳೆ ಇದೆ, ಚೆಂಡಿಲ್ಲ. ಚೆಂಡು ಗುರುಗಳ ಟೋಪಿಯೊಳಗಿತ್ತು.

"ಈಗ ಬೀಸಿದೆಯಲ್ಲ," ಅಂದರು ಗುರುಗಳು, "ನಲವತ್ತು ವರ್ಷದಲ್ಲಿ ಇಷ್ಟು ಚೆನ್ನಾದ ಬೀಸು ನೋಡಿಲ್ಲ."

"ಚೆಂಡೇ ಇರಲಿಲ್ಲವಲ್ಲ ಗುರುಗಳೇ!"

"ಅದಕ್ಕೇ."

"ಚೆಂಡಿಲ್ಲದೆ ಆಟ ಹೇಗೆ?"

"ಚೆಂಡು ಇರಲಿ ಪಾಪ. ನೀನು ಹೋಗಿ ಅದರ ಮೇಲೆ ಬೀಳಬೇಡ."

ಅವತ್ತೇ ಗುರುಗಳು ನೋಯುವ ಮಂಡಿ ಮಡಿಸಿ, ಅಯ್ಯೋ ಅಮ್ಮಾ ಅನ್ನುತ್ತಾ ಹುಲ್ಲಿನ ಮೇಲೆ ಕೂತರು. ಎಡ ಅಂಗೈಯನ್ನು ಚೆಂಡಿನ ಹಿಂದೆ ಅಡ್ಡ ಇಟ್ಟರು.

"ಈಗ ಕೋಲು ಇಡು."

"ಗುರುಗಳೇ, ಕೈ!"

"ಕೈ ನಂದು. ನೀನು ಯಾಕೆ ಕೂಗ್ತೀಯ? ಕೈಯ ಈಚೆ ಇಡು."

ಸಂಪಂಗಿ ಕೋಲನ್ನು ಗುರುಗಳ ಕೈಯ ಈಚೆ ಇಟ್ಟ. ಈಗ ಅದು ತೆವಳಲಿಲ್ಲ. ತೆವಳುವುದು ಹೇಗೆ? ನಡುವೆ ಗುರುಗಳ ಕೈ ಇದೆ.

ಸೊಟ್ಟ ಕಿರುಬೆರಳು ಅವನ ಕಣ್ಣೆದುರಿಗೇ ಇತ್ತು. ಹುಲ್ಲಿನ ಮೇಲೆ ಒಂದು ಪುಟ್ಟ ಕೊಕ್ಕೆಯ ಹಾಗೆ.

"ಹೆಗಲು?"

"ನೇರ ಇದೆ."

ಗುರುಗಳು ಕೈ ತೆಗೆದರು. ಹಿಂದಕ್ಕೆ ಜರುಗಿ, "ಬೀಸು," ಅಂದರು.

ಚೆಂಡು ಬಾವುಟದ ಕಡೆ ಹೊರಟಿತು. ನಡುದಾರಿಯಲ್ಲಿ ಏನೂ ನೆನಪಾಗಲಿಲ್ಲ. ನೇರ ಹೋಗಿ ಹುಲ್ಲಿನ ಮೇಲೆ ಬಿದ್ದು ಉರುಳಿತು.

ಸಂಪಂಗಿ ಕೋಲು ಬಿಸಾಕಿ ಕುಣಿದ. ಕುಣಿದು ಬಂದು ಕೇಳಿದ.

"ಗುರುಗಳೇ, ಬೆರಳು ಯಾಕೆ ಸೊಟ್ಟ?"

"ಒಬ್ಬ ಮಹಾರಾಜರು ಉಂಗುರ ತೊಡಿಸಿದರು. ತೂಕ ಜಾಸ್ತಿಯಾಯ್ತು."

"ನಿಜ ಹೇಳಿ."

"ನಿಜ ಅಂದ್ರೆ ಮಹಾರಾಣಿ ತೊಡಿಸಿದ್ದು. ಯಾರಿಗೂ ಹೇಳಬೇಡ."

ಅಷ್ಟಕ್ಕೇ ಮುಗಿಯಲಿಲ್ಲ. ಇನ್ನೊಂದು ಕೆಟ್ಟ ಅಭ್ಯಾಸವಿತ್ತು. ಸಂಪಂಗಿ ಕೋಲನ್ನು ನೆಲಕ್ಕೆ ಒತ್ತಿ ಇಡುತ್ತಿದ್ದ, ಗೂಟ ಹೊಡೆದವನ ಹಾಗೆ. ಒತ್ತಿದ ಕೋಲು ಏಳುವಾಗ ಹುಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಹತ್ತಕ್ಕೆ ನಾಲ್ಕು ಚೆಂಡು ಮತ್ತೆ ಅಜ್ಜಿಗೆ.

ಗುರುಗಳು ಅಜ್ಜಿ ಮನೆಗೆ ಹೋಗಿ ಒಂದು ಡಬ್ಬಿ ತಂದರು. ಅದರ ತುಂಬ ಕರಿದ ಸಂಡಿಗೆ.

"ತಿನ್ನೋಕಾ ಗುರುಗಳೇ?"

"ನೋಡೋಣ."

ಒಂದು ಸಂಡಿಗೆಯನ್ನು ಹುಲ್ಲಿನ ಮೇಲೆ ಇಟ್ಟರು.

"ಇದರ ಮೇಲೆ ಕೋಲು ಇಡು. ಸಂಡಿಗೆ ಮುರಿಯಬಾರದು. ಮುರಿದರೆ ನೀನೇ ತಿನ್ನಬೇಕು."

"ಮುರಿಯದಿದ್ದರೆ?"

"ನಾನು ತಿಂತೀನಿ."

ಮೊದಲನೇದು ಮುರಿಯಿತು. ಸಂಪಂಗಿ ತಿಂದ. ಎರಡನೇದು ಮುರಿಯಿತು. ತಿಂದ. ಮಧ್ಯಾಹ್ನದ ಹೊತ್ತಿಗೆ ಹದಿನೇಳು ಸಂಡಿಗೆ ತಿಂದಿದ್ದ. ಅದರಲ್ಲಿ ಮೂರು ಬೇಕಂತಲೇ ಮುರಿದದ್ದು.

ಹದಿನೆಂಟನೇದಕ್ಕೆ ಅವನ ಹೊಟ್ಟೆ ಒಲ್ಲೆ ಅಂತು. ಕೈ ತಾನಾಗೇ ಹಗುರಾಯಿತು. ಕೋಲಿನ ತಲೆ ಸಂಡಿಗೆಯ ಮೇಲೆ ಕೂತೂ ಕೂರದ ಹಾಗೆ, ಹೂವಿನ ಮೇಲೆ ದುಂಬಿ ಇದ್ದ ಹಾಗೆ ನಿಂತಿತು.

ಸಂಡಿಗೆ ಮುರಿಯಲಿಲ್ಲ.

ಗುರುಗಳು ಅದನ್ನು ಎತ್ತಿ ಊದಿ ಬಾಯಿಗೆ ಹಾಕಿಕೊಂಡರು.

"ಉಪ್ಪು ಸ್ವಲ್ಪ ಕಮ್ಮಿ," ಅಂದರು.

ಪರೀಕ್ಷೆಗೆ ಒಂದು ವಾರ ಇತ್ತು. ಗುರುಗಳು ಹುಲ್ಲಿನ ಮೇಲೆ ಕೂರುವುದನ್ನು ನಿಲ್ಲಿಸಿದರು.

"ಗುರುಗಳೇ, ಕೈ ಇಡಿ."

"ಮಂಡಿ ನೋವು."

ಸಂಪಂಗಿ ಕೈಯ ಬದಲು ಒಂದು ಬೇವಿನ ಎಲೆ ಇಟ್ಟ. ಗುರುಗಳು ಛತ್ರಿ ಊರಿಕೊಂಡು ಬಂದು ಎಲೆ ಎತ್ತಿ ಎಸೆದರು. ಅವನು ಬೆಂಕಿಕಡ್ಡಿ ಇಟ್ಟ. ಅದನ್ನೆತ್ತಿ ಕಿವಿಗೆ ಹಾಕಿ ತಿರುಗಿಸಿಕೊಂಡರು.

"ಏನಾದ್ರೂ ಒಂದು ಗುರುತು ಬೇಡ್ವಾ ಗುರುಗಳೇ?"

"ಬೇಕು."

"ಮತ್ತೆ ತೆಗೆದಿರಲ್ಲ?"

"ನೀನು ಹುಲ್ಲಿನ ಮೇಲಿಟ್ಟಿದ್ದೆ. ಅಲ್ಲಿ ಬೇಡ."

ಸಂಪಂಗಿ ತಲೆ ಕೆರೆದುಕೊಂಡ. ಗುರುಗಳು ಕಿವಿ ಕೆರೆದುಕೊಂಡರು.

ಶನಿವಾರ ಸಂಜೆ ಮುನೆಮ್ಮಜ್ಜಿ ಖಾಲಿ ಕೊಡ ಹಿಡಿದು ಗೋಡೆ ಹತ್ತಿರ ಬಂದರು.

"ಪಾಪಣ್ಣ, ಎರಡು ದಿನ ಆಯ್ತು, ಒಂದು ಚೆಂಡೂ ಬಂದಿಲ್ಲ. ಅವನಿಗೇನು ಹುಷಾರಿಲ್ವಾ?"

"ಹುಷಾರಾಗಿದಾನೆ ಅಕ್ಕ. ಅದಕ್ಕೇ ಬಂದಿಲ್ಲ."

"ಅವನು ಕಲಿತುಬಿಟ್ಟರೆ ನನ್ನ ಎಮ್ಮೆ ಗತಿ?"

"ದೇವರಿದಾನೆ."

"ದೇವರು ಕೊಡ ಹೊರ್ತಾನಾ?" ಅಂತ ಗೊಣಗುತ್ತಾ ಅಜ್ಜಿ ಹೋದರು.

ಭಾನುವಾರ ಬಂತು. ಸಾಹೇಬರೆಲ್ಲ ಕುರ್ಚಿ ಹಾಕಿಕೊಂಡು ಕೂತರು. ಮೇಜರ್ ಸಾಹೇಬರು ನಡುವೆ ನಿಂತರು. ಗುರುಗಳು ಅಷ್ಟು ದೂರ ಬೇವಿನ ಮರದ ಕೆಳಗೆ, ಬೆಂಚಿನ ಮೇಲೆ. ಪರೀಕ್ಷೆಯ ಹೊತ್ತಿಗೆ ಹತ್ತಿರ ಬರುವ ಹಾಗಿಲ್ಲ, ಮಾತಾಡುವ ಹಾಗಿಲ್ಲ ಅಂತ ಮೇಜರ್ ಅಪ್ಪಣೆ.

"ಮೂರು ಚೆಂಡು," ಅಂದರು ಮೇಜರ್. "ಎರಡಾದರೂ ಹಾದಿಯಲ್ಲಿ ನಿಲ್ಲಬೇಕು."

ಸಂಪಂಗಿ ಮೊದಲನೇ ಚೆಂಡು ಇಟ್ಟ.

ಅಷ್ಟು ಜನ ನೋಡುತ್ತಿದ್ದರು. ಅವನ ಹೆಂಡತಿ ರತ್ನಿ ಗೇಟಿನ ಹತ್ತಿರ ಸೆರಗು ಕಚ್ಚಿಕೊಂಡು ನಿಂತಿದ್ದಳು. ಗುರುಗಳ ಪಕ್ಕದಲ್ಲಿ ಬೆಂಚಿನ ಅರ್ಧ ಖಾಲಿ ಇತ್ತು. ಬೆಂಚು ನೋಡಿದ, ಚೆಂಡು ನೋಡಿದ. ತಪ್ಪಬಾರದು, ತಪ್ಪಬಾರದು ಅಂದುಕೊಂಡ.

ಕೋಲು ತೆವಳಿತು. ಚೆಂಡಿಗೆ ಮುತ್ತಿಟ್ಟಿತು.

ಬೀಸಿದ. ಚೆಂಡು ಬಾವುಟದ ಕಡೆ ಹೊರಟು, ಹಳೇದೆಲ್ಲ ನೆನಪಾಗಿ, ಬಲಕ್ಕೆ ತಿರುಗಿ ಗೋಡೆ ದಾಟಿತು.

"ಒಂದು ಹೋಯ್ತು," ಅಂದರು ಮೇಜರ್.

ಈಗ ಉಳಿದ ಎರಡೂ ನಿಲ್ಲಲೇಬೇಕು.

ಸಂಪಂಗಿ ಬಗ್ಗಿದ. ಎರಡನೇ ಚೆಂಡನ್ನು ಮೊಳೆಯ ಮೇಲೆ ಕೂರಿಸಲು ಹೋದರೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಕುರ್ಚಿಗಳ ಕಡೆಯಿಂದ ಯಾರೋ ಕಿಸಕ್ ಅಂದರು.

ಬೇವಿನ ಮರದ ಕಡೆ ನೋಡಿದ. ಗುರುಗಳು ಟೋಪಿ ಮುಖದ ಮೇಲೆ ಎಳೆದುಕೊಂಡು ನಿದ್ದೆ ಮಾಡುತ್ತಿರುವ ಹಾಗಿದ್ದರು.

ಆಗ ಗೋಡೆಯ ಮೇಲೆ ಒಂದು ಬಿಳಿ ತಲೆ ಎದ್ದಿತು. ಪಕ್ಕದಲ್ಲಿ ಒಂದು ಕೊಡವೂ ಎದ್ದಿತು.

"ಬಂತು ಕಣೋ ಸಂಪಂಗಿ!" ಅಜ್ಜಿಯ ಮುಖ ಊರಗಲ ಆಗಿತ್ತು. "ನನ್ನ ಮರೆತಿಲ್ಲ ಬಿಡು. ನಿಧಾನವಾಗಿ ಆಟ ಮುಗಿಸಿಕೊಂಡು ನೀರು ತಗೊಂಡು ಬಾ. ಇನ್ನೂ ಎರಡು ಇದಾವಂತಲ್ಲ?"

ಸಂಪಂಗಿಗೆ ನಗು ಬಂತು. ತಡೆಯೋಕೆ ನೋಡಿದ, ಆಗಲಿಲ್ಲ. ಹೊಟ್ಟೆ ಕುಲುಕಿತು, ಹೆಗಲು ಕುಲುಕಿತು. ಮೇಜರ್ ಸಾಹೇಬರೂ ಮೀಸೆ ಮರೆಯಲ್ಲಿ ಕೆಮ್ಮಿದರು.

ನಕ್ಕು ನಕ್ಕು ಹಗುರಾದ ಹೆಗಲು ಹಾಗೇ ಕೆಳಗಿಳಿಯಿತು. ಕೈ ಇಳಿಯಿತು. ಬಾವಿಗೆ ಬಿಂದಿಗೆ ಇಳಿದ ಹಾಗೆ ಕೋಲು ಇಳಿದು, ಹುಲ್ಲಿನ ಮೇಲೆ ಕೂತೂ ಕೂರದ ಹಾಗೆ ನಿಂತಿತು.

ಚೆಂಡಿನ ಹಿಂದೆ ಹುಲ್ಲು ಖಾಲಿ ಇತ್ತು. ಎಲೆ ಇಲ್ಲ, ಕಡ್ಡಿ ಇಲ್ಲ.

ಸಂಪಂಗಿಗೆ ಮಾತ್ರ ಅಲ್ಲಿ ಒಂದು ಅಂಗೈ ಕಂಡಿತು. ಕಿರುಬೆರಳು ಸೊಟ್ಟ.

ಆ ಕೈ ಹಿಂದಕ್ಕೆ ಸರಿಯಿತು. ಅವನು ಬೀಸಿದ.

ಚೆಂಡು ನೇರ ಹೋಯಿತು. ಬಾವುಟದ ಈಚೆ ಹುಲ್ಲಿನ ಮೇಲೆ ನಿಂತಿತು.

ಮೂರನೇ ಚೆಂಡು ಇಟ್ಟ. ಕೈ ಬಂತು. ಕೈ ಹೋಯಿತು. ಬೀಸಿದ. ಅದೂ ನೇರ ಹೋಯಿತು, ಎರಡನೇದಕ್ಕಿಂತ ಹತ್ತು ಮಾರು ಮುಂದೆ ನಿಂತಿತು.

ರತ್ನಿ ಸೆರಗು ಬಿಟ್ಟು ಸಿಳ್ಳೆ ಹಾಕಿದಳು. ಅವಳಿಗೆ ಸಿಳ್ಳೆ ಬರುತ್ತೆ ಅಂತ ಸಂಪಂಗಿಗೆ ಅವತ್ತೇ ಗೊತ್ತಾದದ್ದು.

ಮೇಜರ್ ಬಂದು ಕೈ ಕುಲುಕಿದರು. "ನಾಳೆಯಿಂದ ಬೆಂಚು ನಿಂದು."

"ಸಾರ್, ಹುಲ್ಲು?"

"ಅದಕ್ಕೆ ಪಟ್ಟಣದವನನ್ನು ಕರೆಸ್ತೀನಿ."

ಗೋಡೆಯ ಮೇಲಿನ ಬಿಳಿ ತಲೆ ಬೇಜಾರಾಗಿ ಕೆಳಗಿಳಿಯಿತು. ಕೊಡವೂ ಇಳಿಯಿತು.

ಮಾರನೇ ಬೆಳಿಗ್ಗೆ ಸಂಪಂಗಿ ಬೆಂಚಿನ ಮೇಲೆ ಕೂತ. ನಿಜಕ್ಕೂ ತಣ್ಣಗಿತ್ತು. ಗುರುಗಳು ಇನ್ನರ್ಧದಲ್ಲಿ ಕೂತು ಸಂಡಿಗೆ ತಿನ್ನುತ್ತಿದ್ದರು. ಕೆಲಸ ಹೋದರೂ ಬೆಂಚು ಬಿಡುವ ಆಲೋಚನೆ ಅವರಿಗಿರಲಿಲ್ಲ.

ಮೊದಲನೇ ಶಿಷ್ಯ ಬಂದರು. ನೋಡಿದರೆ ಮೇಜರ್ ಉತ್ತಯ್ಯ. ಸೋಮವಾರ ಬೇರೆ ಸಾಹೇಬರು ಯಾರೂ ಇರಲ್ಲ, ಅದಕ್ಕೇ ಬಂದಿದ್ದರು.

"ನನ್ನ ಚೆಂಡು ಬಲಕ್ಕೆ ಹೋಗುತ್ತಪ್ಪ," ಅಂದರು ಸಣ್ಣ ದನಿಯಲ್ಲಿ. "ಯಾರಿಗೂ ಹೇಳಬೇಡ."

"ಒಂದು ಹೊಡೀರಿ ಸಾರ್, ನೋಡೋಣ."

ಮೇಜರ್ ಸಾಹೇಬರು ಡ್ರೈವರನ್ನು ಚೆಂಡಿಗೆ ತಾಗಿಸಿ ನೆಲಕ್ಕೆ ಒತ್ತಿ ನಿಲ್ಲಿಸಿದರು. ಬೀಸಿದರು.

ಗೋಡೆಯಾಚೆಯಿಂದ ಒಂದು ಸಂತೋಷದ ಕೂಗು ಬಂತು. "ಯಾರದ್ದೋ ಅದು? ಯಾರಾದ್ರೂ ಆಗಲಿ, ಕೊಡ ಇಲ್ಲೇ ಇಟ್ಟಿದೀನಿ!"

"ಏನದು?" ಅಂದರು ಮೇಜರ್.

ಇಷ್ಟು ದಿನ ಗೋಡೆಯ ಈಚೆಯ ಹುಲ್ಲಲ್ಲೇ ಕಳೆಯುತ್ತಿದ್ದ ಅವರ ಚೆಂಡು ಇವತ್ತು ಗೋಡೆ ದಾಟಿತ್ತು. ಸಂಪಂಗಿ ಕಟ್ಟಳೆ ವಿವರಿಸಿದ. ಮೇಜರ್ ಸಾಹೇಬರು ನೆಟ್ಟಗೆ ನಿಂತರು. ಆಮೇಲೆ ಸಿಪಾಯಿಯ ಹಾಗೆ ಹೋಗಿ ಕೊಡ ತಗೊಂಡು, ನಲ್ಲಿಗೆ ಹಿಡಿದು, ಹೆಗಲಿಗೇರಿಸಿ ನಡೆದರು. ಹಿಂದೆ ಪಡೆ ಮಾತ್ರ ಇರಲಿಲ್ಲ, ಒಂದು ಎಮ್ಮೆ ಇತ್ತು.

"ದೇವರಿದಾನೆ," ಅಂದರು ಗುರುಗಳು, ಬಾಯಲ್ಲಿ ಸಂಡಿಗೆ ಇಟ್ಟುಕೊಂಡೇ.

ಸಂಪಂಗಿ ತನ್ನ ಅಂಗೈ ಬಿಡಿಸಿ ನೋಡಿಕೊಂಡ. ಎಂಟು ವರ್ಷ ಬಂಡಿ ತಳ್ಳಿದ ಕೈ, ಅಗಲವಾಗಿತ್ತು.

"ಗುರುಗಳೇ, ಮೇಜರ್ ವಾಪಸ್ ಬಂದ ಮೇಲೆ ನಾನೂ ಕೈ ಇಟ್ಟು ತೋರಿಸ್ಬೇಕು."

"ಇಡು."

"ನನ್ನ ಕೈ ನಿಮ್ಮದಕ್ಕಿಂತ ದೊಡ್ಡದು. ಜಾಗ ಜಾಸ್ತಿಯಾಗಲ್ವಾ?"

"ಆಗಲಿ."

"ಎರಡು ಬೆರಳು ಮಡಚಿ ಇಡಲಾ?"

"ಹೇಗಾದ್ರೂ ಇಡು."

"ಮತ್ತೆ ಕಲಿಸೋವಾಗ ಮುಖ್ಯವಾದದ್ದು ಯಾವುದು ಗುರುಗಳೇ? ಅದೊಂದು ಹೇಳಿ."

ಗುರುಗಳು ಡಬ್ಬಿ ಮುಚ್ಚಿದರು. ಎಡಗೈ ಎತ್ತಿ, ಸೊಟ್ಟ ಕಿರುಬೆರಳನ್ನು ಸಂಪಂಗಿಯ ಮೂಗಿನ ಮುಂದೆ ಹಿಡಿದರು.

"ಹೊತ್ತಿಗೆ ಸರಿಯಾಗಿ ಕೈ ತೆಗೀಬೇಕು ಕಣೋ."